ಅತ್ತೆಯ ತವರಿಗೆ ಸೆಪ್ಟೆಂಬರ್‌ನಲ್ಲಿ ಹೋದದ್ದು: ನನ್ನ ಅನುಭವ

ಅತ್ತೆ ಹುಟ್ಟಿದ ಗ್ರೀಸ್‌ನ ಕೀಥಿರಾ ದ್ವೀಪಕ್ಕೆ ಹೋಗುವುದಾದರೆ ಆಗಸ್ಟ್‌ನಲ್ಲೇ ಹೋಗಬೇಕು ಎಂಬುದು ಸಿಡ್ನಿಯಲ್ಲಿರುವ ನನ್ನ ಗಂಡನ ಮನೆಯವರ ಹಳೆಯ ನಂಬಿಕೆ. ಸೆಪ್ಟೆಂಬರ್ ಕೊನೆಗೆ ಹೋಗೋಣ, ಅತ್ತೆಯ ಊರಿನಲ್ಲೇ ಒಂದು ಮನೆ ಹಿಡಿದು ಅಲ್ಲೇ ಇರೋಣ, ಬೇರೆಲ್ಲಿಗೂ ಬೇಡ ಎಂದು ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ‘ಆಗ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ’ ಎಂದರು ಭಾವ. ‘ಹಡಗು ನಿಂತರೆ ಮುದುಕರನ್ನು ಕಟ್ಟಿಕೊಂಡು ಏನು ಮಾಡುತ್ತೀಯ?’ ಎಂದರು ಅತ್ತಿಗೆ. ಕಳೆದ ವರ್ಷ ಗಂಡ, ಮಕ್ಕಳು, ಅತ್ತೆ, ಜೊತೆಗೆ ಹಾಸನದಿಂದ ಬಂದ ನನ್ನ ಅಮ್ಮ, ಎಲ್ಲರನ್ನೂ ಹೊರಡಿಸಿಕೊಂಡು ಹೋಗಿ, ಅತ್ತೆಯನ್ನು ಅವರು ಹುಟ್ಟಿದ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿ ಬಂದೆ. ಆ ಮನೆತನದಲ್ಲಿ ಇಷ್ಟು ಕಾಲ ಯಾರಿಂದಲೂ ಆಗದಿದ್ದ ಕೆಲಸವಿದು.

ಹಿರಿಯರನ್ನು ಕರೆದುಕೊಂಡು ಯುರೋಪ್ ಸುತ್ತಿದವರಿಗೆ ವಿಮಾನ, ವೀಸಾ, ವಿಮೆಯ ಪಾಠ ಬೇಕಿಲ್ಲ. ಅಮ್ಮನ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಶುಲ್ಕ 90 ಯೂರೋ. ವಾಸವೆಲ್ಲ ಒಂದೇ ದೇಶ, ಹೆಚ್ಚುಕಡಿಮೆ ಒಂದೇ ವಿಳಾಸ ಆಗಿದ್ದರಿಂದ ಅರ್ಜಿಯ ಕಾಗದಗಳ ಕಂತೆ ಅರ್ಧಕ್ಕೆ ಇಳಿಯಿತು.

ಆಗಸ್ಟ್ ಏಕೆ ಕೈಕೊಡುತ್ತದೆ ಎಂದು ಹೇಳಲೇಬೇಕು. ನಾವು ಹಿಂದೆ ಹೋದದ್ದೂ ಆಗಲೇ. ಕೀಥಿರಾ ಇರುವುದು ಗ್ರೀಸ್‌ನ ದಕ್ಷಿಣದ ಪರ್ಯಾಯ ದ್ವೀಪವಾದ ಪೆಲೊಪೊನೀಸಿನ ದಕ್ಷಿಣ ತುದಿಗೆ ಎದುರಾಗಿ. ಆ ತುದಿಯ ನೆಯಾಪೊಲಿ ಬಂದರಿನಿಂದ ದ್ವೀಪದ ಬಂದರಾದ ಡಿಯಾಕೊಫ್ತಿಗೆ ಹಡಗಿನಲ್ಲಿ ಒಂದೂಕಾಲು ಗಂಟೆ, ಅಷ್ಟೇ. ಆದರೆ ಜುಲೈ, ಆಗಸ್ಟ್‌ನಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ಎದ್ದರೆ ಕರಾವಳಿ ಪಡೆ ಹಡಗುಗಳನ್ನು ತಡೆಯುತ್ತದೆ. ನಮ್ಮನ್ನೂ ತಡೆಯಿತು. ಆಗಸ್ಟ್ 15 ಏಸುವಿನ ತಾಯಿ ಮರಿಯಮ್ಮನವರ ಹಬ್ಬ, ಇಡೀ ಗ್ರೀಸ್ ಊರಿಗೆ ಹೊರಟಿರುತ್ತದೆ. ನೆಯಾಪೊಲಿಯಲ್ಲಿ ಸಿಕ್ಕ ಒಂದು ಸಣ್ಣ ಕೋಣೆಗೆ ಎರಡು ರಾತ್ರಿಗೆ ಮುನ್ನೂರು ಯೂರೋಗೂ ಹೆಚ್ಚು ಸುರಿದೆವು. ಮೊದಲೇ ಕಾದಿರಿಸಿದ್ದ ಕಾರಿನ ಹಣ ಹಿಂದಕ್ಕೆ ಬರಲಿಲ್ಲ. ಅದರ ಮೇಲೆ ನಂಟರ ಒತ್ತಾಯಕ್ಕೆ ಸಾಂತೊರಿನಿ, ಮಿಕೊನೋಸ್ ದ್ವೀಪಗಳನ್ನು ಬೇರೆ ಸೇರಿಸಿದ್ದರಿಂದ ಅತ್ತೆಯ ಊರಾದ ಕರವಾಸ್‌ಗೆ ಉಳಿದದ್ದು ಒಂದೂವರೆ ದಿನ.

ಆ ಒಂದೂವರೆ ದಿನದಲ್ಲಿ ಮನೆ ಸಿಗಲಿಲ್ಲ. ಅತ್ತೆ ನಾಲ್ಕೈದು ವರ್ಷದವರಿದ್ದಾಗ, ಐವತ್ತರ ದಶಕದಲ್ಲಿ, ಆಸ್ಟ್ರೇಲಿಯದ ಹಡಗು ಹತ್ತಿದವರು. ದಾರಿಯ ನೆನಪಿಲ್ಲ. ಕುಲನಾಮ ಹೇಳಿ ಕೇಳಿದರೆ ಊರಲ್ಲಿ ಹತ್ತಾರು ಮನೆಗಳಿಗೆ ಅದೇ ಕುಲನಾಮ. ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರನ್ನೇ ಇಡುವುದರಿಂದ ಹೆಸರೂ ದಾರಿ ತೋರಿಸುವುದಿಲ್ಲ. ಅಲ್ಲಿನ ಕುಟುಂಬಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಪರಾತ್ಸೂಕ್ಲಿಯಿಂದ, ಎಂದರೆ ತಲೆಮಾರುಗಳಿಂದ ಬಂದ ಅಡ್ಡಹೆಸರಿನಿಂದ. ಅದು ತಿಳಿದಿರಬೇಕು, ಅದನ್ನು ಕೇಳಿ ಗುರುತು ಹಿಡಿಯುವ ಹಿರಿಯರಿಗೆ ಬಿಡುವೂ ಇರಬೇಕು. ಆಗಸ್ಟ್‌ನಲ್ಲಿ ಬೀದಿಯಲ್ಲಿ ಸಿಗುವವರು ಅಥೆನ್ಸಿನಿಂದಲೋ ಸಿಡ್ನಿಯಿಂದಲೋ ರಜೆಗೆ ಬಂದವರು. ಊರಲ್ಲೇ ಇರುವವರು ಮೊಮ್ಮಕ್ಕಳ, ಅತಿಥಿಗಳ ಊಟೋಪಚಾರದಲ್ಲಿ ಮುಳುಗಿರುತ್ತಾರೆ. ನನ್ನ ಇಡೀ ಲೆಕ್ಕಾಚಾರ ನಿಂತದ್ದು ಇದರ ಮೇಲೆ.

ಅತ್ತೆಯ ಮನೆಯ ಪರಾತ್ಸೂಕ್ಲಿ ನನಗೆ ಸಿಕ್ಕಿದ್ದು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಕೆಫೆ ನಡೆಸಿ ನಿವೃತ್ತರಾದ, ಅದೇ ದ್ವೀಪದ ಮೂಲದ ಹಿರಿಯಜ್ಜಿಯೊಬ್ಬರಿಂದ. ಕೆಲವು ಅಡ್ಡಹೆಸರುಗಳು ಹಂಗಿಸುವಂಥವಾದ್ದರಿಂದ ನೇರವಾಗಿ ಕೇಳಿದರೆ ಬಾಯಿಬಿಡುವುದಿಲ್ಲ. ಹೇಗೆ ಹೇಳಿಸಿದೆ ಎಂಬುದು ನನ್ನಲ್ಲೇ ಇರಲಿ.

ಸೆಪ್ಟೆಂಬರ್ 24ಕ್ಕೆ ದ್ವೀಪದ ಮಿರ್ತಿಡಿಯಾ ಮಠದಲ್ಲಿ ಹಬ್ಬ. ಕಪ್ಪು ಮುಖದ ಮರಿಯಮ್ಮನ ಚಿತ್ರ ಅಲ್ಲಿಯದು, ದ್ವೀಪಕ್ಕೆಲ್ಲ ಅವಳೇ ಕಾಯುವ ತಾಯಿ. ಭಕ್ತರು ಹಬ್ಬಕ್ಕೆ ಮೊದಲೇ ಬಂದು ಮಠದ ಸುತ್ತಲಿನ ಕೋಣೆಗಳಲ್ಲಿ ತಂಗುತ್ತಾರೆ. ಊರು ಖಾಲಿಯಾಗಿರುತ್ತದೆ ಎಂಬ ಭಾವನವರ ಮಾತು ಅಲ್ಲಿಗೇ ಬಿದ್ದುಹೋಯಿತು. ಹಬ್ಬ ಮುಗಿದ ಕೂಡಲೇ ಸಿಡ್ನಿಯ ಶಾಲೆಗಳಿಗೆ ರಜೆ ಶುರು. ಮಕ್ಕಳಿಗೆ ಅದಕ್ಕೆ ಮುಂಚಿನ ಕೆಲವು ದಿನ ಮಾತ್ರ ಅನುಮತಿ ಕೇಳಬೇಕಾಯಿತು.

ಕರವಾಸ್‌ನ ಬೇಕರಿ ಎಣ್ಣೆ ರಸ್ಕಿಗೆ ಹೆಸರುವಾಸಿ. ಅಲ್ಲಿಗೆ ಬಂದಿದ್ದ ಅಜ್ಜಿಯೊಬ್ಬರ ಮುಂದೆ ಗ್ರೀಕ್ ಅಕ್ಷರದಲ್ಲಿ ಬರೆಸಿಕೊಂಡು ಹೋಗಿದ್ದ ಚೀಟಿ ಹಿಡಿದೆ: ಅತ್ತೆಯ ತಂದೆಯ ಹೆಸರು, ಅವರ ತಂದೆಯ ಹೆಸರು, ಪರಾತ್ಸೂಕ್ಲಿ. ಅಜ್ಜಿ ಓದಿ, ಅತ್ತೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ‘ಹಿರಿಯವಳೋ ಕಿರಿಯವಳೋ?’ ಎಂದು ಕೇಳಿದರು. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಬನ್ನಿ ಎಂದು ಕಳುಹಿಸಿ, ಸಂಜೆ ತಮ್ಮನನ್ನು ಜೊತೆ ಮಾಡಿದರು. ಕಣಿವೆಯ ಇಳಿಜಾರಿನಲ್ಲಿ ಮನೆ. ಸೂರು ಅರ್ಧ ಕುಸಿದಿದೆ, ರೊಟ್ಟಿಯ ಒಲೆಯ ಬಾಯಲ್ಲಿ ಅಂಜೂರದ ಗಿಡ ಎದ್ದಿದೆ, ಗೋಡೆಗಳು ಗಟ್ಟಿಯಾಗಿವೆ. ಒಲೆಯ ಪಕ್ಕದ ಗೂಡಿಗೆ ಅತ್ತೆ ನೇರವಾಗಿ ಕೈಹಾಕಿದರು. ದೀಪದ ಬುಡ್ಡಿ ಇಡುತ್ತಿದ್ದ ಜಾಗವಂತೆ, ಆಗ ಅವರಿಗೆ ಎಟುಕುತ್ತಿರಲಿಲ್ಲವಂತೆ. ಈಗ ಅದು ಅವರ ಎದೆಯ ಮಟ್ಟಕ್ಕಿತ್ತು. ಮಕ್ಕಳು ತಾವಾಗಿಯೇ ಒಳಗಿನ ಕಲ್ಲುಮಣ್ಣು ಎತ್ತಿ ಹೊರಹಾಕತೊಡಗಿದರು.

ಅಡುಗೆಯ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ದ್ವೀಪದ ಪೊತಾಮೋಸ್ ಎಂಬ ಊರಿನ ಭಾನುವಾರದ ಸಂತೆಯಲ್ಲಿ ಅಮ್ಮ ಒಂದು ಸೊಪ್ಪಿನ ಕಟ್ಟೆತ್ತಿ, ಕಾಂಡ ಮುರಿದು, ನಾರು ಎಳೆದು ನೋಡಿ, ‘ಇದು ದಂಟಿನ ಸೊಪ್ಪಲ್ಲವೇನೇ?’ ಎಂದರು. ಹೌದು, ಅಲ್ಲಿನವರು ಅದನ್ನು ವ್ಲೀತಾ ಎನ್ನುತ್ತಾರೆ. ಅತ್ತೆ ಅದನ್ನು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿದರು. ಅಮ್ಮ ಫಾವಾ ಎಂಬ ಅಲ್ಲಿನ ಹಳದಿ ಬೇಳೆಯೊಡನೆ ಮಸ್ಸೊಪ್ಪು ಮಾಡಿದರು. ಆ ಬೇಳೆ ಆರಿದಂತೆಲ್ಲ ಗಟ್ಟಿಯಾಗುತ್ತದೆ, ತೊಗರಿಬೇಳೆಯ ಅರ್ಧದಷ್ಟು ಸಾಕು. ಬಾರ್ಲಿ ಹಿಟ್ಟಿನ ಮುದ್ದೆ ಮಾತ್ರ ಕೈಗೂಡಲಿಲ್ಲ, ಅಂಟಂಟಾಯಿತು. ರಸ್ಕನ್ನು ಮಸ್ಸೊಪ್ಪಿನಲ್ಲಿ ನೆನೆಸಿ ತಿನ್ನುವುದನ್ನು ಬೀಗಿತ್ತಿಯರಿಬ್ಬರೂ ಒಪ್ಪಿಕೊಂಡರು.

ಖರ್ಚಿನ ವಿಷಯ, ನೆನಪಿನಿಂದ ಹೇಳುತ್ತಿದ್ದೇನೆ. ಆಗಸ್ಟ್‌ಗೆ ಹೋಲಿಸಿದರೆ ವಿಮಾನದಲ್ಲಿ ತಲೆಗೆ ಏಳೆಂಟು ನೂರು ಡಾಲರ್ ಉಳಿಯಿತು. ಆಗಸ್ಟ್‌ನಲ್ಲಿ ದಿನಕ್ಕೆ ನೂರಮೂವತ್ತು ಯೂರೋ ಹೇಳಿದ್ದ ಮನೆ ಅರವತ್ತರ ಆಸುಪಾಸಿಗೆ ಸಿಕ್ಕಿತು. ಕಾರನ್ನು ದ್ವೀಪದಲ್ಲೇ ಹಿಡಿಯಿರಿ, ಬಾಡಿಗೆ ಕಾರನ್ನು ಹಡಗು ಹತ್ತಿಸಲು ಬಹಳಷ್ಟು ಮಾಲೀಕರು ಒಪ್ಪುವುದಿಲ್ಲ. ದಿನಕ್ಕೆ ಮೂವತ್ತು ಚಿಲ್ಲರೆ ಯೂರೋ ಆಯಿತು. ಬಸ್ಸನ್ನು ನಂಬಿ ಆ ದ್ವೀಪಕ್ಕೆ ಹೋಗಬೇಡಿ. ಗಾಳಿಯ ಭಯವಿದ್ದರೆ ಮರಳುವ ಹಡಗಿಗೂ ವಿಮಾನಕ್ಕೂ ನಡುವೆ ಎರಡು ದಿನ ಬಿಡಿ. ನಮಗೆ ಅದು ಬೇಕಾಗಲಿಲ್ಲ, ಆ ಎರಡು ದಿನವನ್ನು ಅಥೆನ್ಸಿನಲ್ಲಿ ಕಳೆದೆವು.

ಇನ್ನು ಉಳಿದದ್ದು ಮನೆಯ ಹಕ್ಕು. ವಾರಸುದಾರರು ಅನೇಕರು, ಅವರಲ್ಲಿ ಹೆಚ್ಚಿನವರು ಆಸ್ಟ್ರೇಲಿಯದಲ್ಲಿದ್ದಾರೆ. ಆಸ್ತಿ ಹೆಸರಿಗೆ ಬರಬೇಕಾದರೆ ಮೊದಲು ಎಎಫ್‌ಎಂ ಎಂಬ ತೆರಿಗೆ ಸಂಖ್ಯೆ ಬೇಕು, ಅತ್ತೆಗೆ ಅದನ್ನು ಮಾಡಿಸುತ್ತಿದ್ದೇವೆ. ಸೂರು ಹೊದಿಸಲು ಎಷ್ಟಾಗುತ್ತದೆ ಎಂದು ನೋಡಲು ಈ ಸೆಪ್ಟೆಂಬರ್‌ಗೆ ಭಾವನವರೇ ಹೊರಟಿದ್ದಾರೆ. ನಾವಿದ್ದ ಮನೆಯನ್ನೇ ಅವರಿಗೂ ಕಾದಿರಿಸಿಕೊಟ್ಟಿದ್ದೇನೆ. ಅದರ ಒಡತಿಯ ಫೋನ್ ನಂಬರನ್ನು ಮಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ.