ಅಪ್ಪ ಅಮ್ಮನಿಗೆ ತಿಂಗಳ ಊಟ ಗೊತ್ತು ಮಾಡುವ ಮುಂಚೆ

ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಬಿಪಿ. ಅವರಿಬ್ಬರೂ ಬಸವನಗುಡಿಯಲ್ಲಿ, ನಾನು ಪುಣೆಯಲ್ಲಿ. ಮಂಡಿನೋವಿಂದ ಅಮ್ಮನಿಗೆ ಒಲೆ ಮುಂದೆ ನಿಲ್ಲೋದು ಕಷ್ಟವಾದ ಮೇಲೆ ಮಧ್ಯಾಹ್ನದ ಊಟವನ್ನು ತಿಂಗಳ ಲೆಕ್ಕದಲ್ಲಿ ತರಿಸುತ್ತಿದ್ದೇವೆ. ಇದನ್ನು ಗೊತ್ತು ಮಾಡುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಡಬ್ಬಿಯಲ್ಲಿ ತರಕಾರಿ ಎಷ್ಟಿದೆ ಅನ್ನೋದು.

ವಾರದ ಮೆನು ಕೇಳಿ ತರಿಸಿಕೊಳ್ಳಿ. ಫೋಟೋ ಬೇಡ, ಪಟ್ಟಿ ಬೇಕು. ಸೋಮವಾರ ಆಲೂಗಡ್ಡೆ ಪಲ್ಯ, ಬುಧವಾರ ಆಲೂ ಬಟಾಣಿ, ಶುಕ್ರವಾರ ಪಲಾವ್ ಅಂತಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಹುರುಳಿಕಾಯಿ, ಸೋರೆಕಾಯಿ, ಹೀರೆಕಾಯಿ ಸರದಿಯ ಮೇಲೆ ಬರಬೇಕು. ವಾರಕ್ಕೆ ಎರಡು ಸಲವಾದರೂ ಸೊಪ್ಪು ಇರಬೇಕು, ಬಸ್ಸಾರೋ ಮಸ್ಸೊಪ್ಪೋ ಯಾವುದಾದರೂ ಸರಿ. ‘ಸಿರಿಧಾನ್ಯದ ಊಟ’, ‘ಸಕ್ಕರೆ ಇಲ್ಲ, ಬರೀ ಬೆಲ್ಲ’ ಅಂದ ಕೂಡಲೇ ಒಪ್ಪಬೇಡಿ. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ನವಣೆ ಅನ್ನವನ್ನೂ ತಟ್ಟೆ ತುಂಬ ತಿಂದರೆ ಹಾಗೇ.

ತಿಂಗಳ ದುಡ್ಡು ಕಟ್ಟುವ ಮುಂಚೆ ಕೆಲವು ದಿನ ಬಿಡಿಯಾಗಿ ತರಿಸಿ ನೋಡಿ. ಬಂದದ್ದನ್ನು ಡಬ್ಬಿಯಲ್ಲೇ ತಿನ್ನದೆ ಸ್ಟೀಲ್ ತಟ್ಟೆಗೆ ಸುರಿಯಿರಿ. ಆಗ ಗೊತ್ತಾಗುತ್ತದೆ. ಒಂದು ಕಡೆಯಿಂದ ಬಂದ ಊಟವನ್ನು ಅಮ್ಮ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಅನ್ನ ಗುಡ್ಡೆಯಾಗಿತ್ತು, ಎಲೆಕೋಸಿನ ಪಲ್ಯ ಮೂರೇ ಚಮಚ. ಹುಳಿಯನ್ನು ಸೌಟಿನಿಂದ ಕಲಕಿದರೆ ತಳದಲ್ಲೂ ಬೇಳೆ ಸಿಗಲಿಲ್ಲ. ರುಚಿ ಚೆನ್ನಾಗೇ ಇತ್ತು, ಆದರೂ ಬೇಡ ಅಂದೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಪ್ರಕಾರ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಬೇಕು. ಹೊರಗಿನ ಊಟದಲ್ಲಿ ಅಷ್ಟು ಸಿಗೋದು ಅಪರೂಪ. ಅದಕ್ಕೇ ನಾವು ಅನ್ನ ಕಡಿಮೆ ಮಾಡಿಸಿ, ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಎರಡು ಪಲ್ಯ ಹಾಕಿಸಿಕೊಳ್ಳುತ್ತೇವೆ. ಕೇಳಿದರೆ ಮಾಡಿಕೊಡುವವರು ಇದ್ದಾರೆ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳ ಬೇಡ ಅಂತ ಮೊದಲೇ ಹೇಳಿಬಿಡಿ.

ಇನ್ನು ಹೊತ್ತಿನ ವಿಷಯ. ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿದ್ದರೆ ಊಟ ತಡವಾಗುವಂತಿಲ್ಲ, ಸಕ್ಕರೆ ತೀರಾ ಇಳಿದು ತಲೆ ಸುತ್ತಬಹುದು. ಡಬ್ಬಿ ಕೈಗೆ ಬಂದ ಮೇಲೇ ಮಾತ್ರೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಅಡುಗೆ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತಲೂ ವಿಚಾರಿಸಿ. ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇರಬೇಕು. ಬೆಳಿಗ್ಗೆ ಏಳಕ್ಕೆ ಮಾಡಿ ಹಾಗೇ ಇಟ್ಟ ಅನ್ನ ಒಂದೂವರೆಗೆ ಬಂದರೆ ಅದು ಬೇಡ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕಳಿಸುವವರೂ ಬೇಡ. ಸ್ಟೀಲ್ ಕ್ಯಾರಿಯರ್ ಕೊಟ್ಟು, ನಿನ್ನೆಯದನ್ನು ವಾಪಸ್ ಒಯ್ಯುವವರು ಸಿಕ್ಕರೆ ಒಳ್ಳೆಯದು.

ಮನೆಯಿಂದ ಅಡುಗೆ ಮಾಡಿ ಮಾರುವವರಿಗೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. 14 ಅಂಕಿಯ ಆ ನಂಬರ್ ತಗೊಂಡು ಆ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಅದು ಅಸಲಿಯೋ ಅಲ್ಲವೋ ತಿಳಿಯುತ್ತದೆ.

ದುಡ್ಡಿನ ಮಾತು ಸ್ಪಷ್ಟವಾಗಿರಲಿ. ನೆಂಟರ ಮನೆಗೆ ಹೋದ ದಿನದ ಊಟ ಮುಂದಕ್ಕೆ ಹಾಕುತ್ತಾರಾ? ಹಿಂದಿನ ದಿನ ಎಷ್ಟು ಗಂಟೆಯೊಳಗೆ ಹೇಳಬೇಕು? ಯುಪಿಐ ಆಟೋಪೇ (ಖಾತೆಯಿಂದ ದುಡ್ಡು ತಾನಾಗೇ ಹೋಗುವ ವ್ಯವಸ್ಥೆ) ಕೇಳಿದರೆ, ಅದನ್ನು ನಿಮ್ಮ ಯುಪಿಐ ಆ್ಯಪ್‌ನಲ್ಲೇ ರದ್ದು ಮಾಡಬಹುದು ಅನ್ನೋದು ನೆನಪಿರಲಿ.

ಎರಡನೇ ತಿಂಗಳು ಶುರುವಾದಾಗ ಇನ್ನೊಮ್ಮೆ ಊಟವನ್ನು ತಟ್ಟೆಗೆ ಸುರಿಸಿ ನೋಡಿ. ಕಡಿಮೆಯಾಗೋದಿದ್ದರೆ ಮೊದಲು ಪಲ್ಯವೇ ಕಡಿಮೆಯಾಗುತ್ತದೆ. ಆವತ್ತೇ ಫೋನ್ ಮಾಡಿ ಹೇಳಿ.