ಚಿತ್ರದ ಜೀವಕೋಶ ಬೇರೆ, ಗಾಜಿನ ಮೇಲಿನದು ಬೇರೆ

"ಮಿಸ್, ಜೀವಕೋಶ ತಟ್ಟೆ ಥರ ಇರುತ್ತಾ, ಚೆಂಡಿನ ಥರ ಇರುತ್ತಾ?"

ಸಂಜೆ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಅಷ್ಟು ಹೊತ್ತಿಗೆ ನಾನು ಬೋರ್ಡಿನ ಮೇಲೆ ದುಂಡನೆಯ ಚಿತ್ರ ಬರೆದು, ಬಾಣ ಎಳೆದು, ಭಾಗಗಳ ಹೆಸರನ್ನೆಲ್ಲ ಬರೆದು ಮುಗಿಸಿದ್ದೆ. ಅವಳ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಚಿತ್ರವನ್ನು ಪರೀಕ್ಷೆಗೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ಜೀವಕೋಶವನ್ನೂ ಕಣ್ಣಾರೆ ನೋಡಿದವಳಲ್ಲ. "ನಾಳೆ ಹೇಳ್ತೀನಿ" ಅಂದೆ. ಆ ನಾಳೆ ಬರೋಕೆ ಮೂರು ವಾರ ಬೇಕಾಯ್ತು.

ಒಂದು ಹಳೆಯ ಸೂಕ್ಷ್ಮದರ್ಶಕ ತಂದೆ. ಕಣ್ಣಿನ ಕಡೆ 10 ಪಟ್ಟಿನ ಮಸೂರ, ಕೆಳಗೆ 4, 10 ಮತ್ತು 40 ಪಟ್ಟಿನವು. ಶುರುವಿಗೆ ಇಷ್ಟು ಸಾಕು. ಈರುಳ್ಳಿಯ ಒಂದು ಪದರ ಮುರಿದು, ಅದರ ಒಳಮೈಯಿಂದ ತೆಳ್ಳಗಿನ ಪೊರೆ ಎಳೆದು, ನೀರಿನ ಹನಿಯಲ್ಲಿ ಹರಡಿ, ಮೇಲೆ ಕವರ್ ಸ್ಲಿಪ್ ಎಂಬ ತೆಳು ಗಾಜಿನ ಚೂರು ಇಟ್ಟೆ. ಗುಂಡಗಿನ, ದಪ್ಪ ಕಪ್ಪು ಅಂಚಿನ ಆಕಾರಗಳು ಕಂಡವು. ಎಷ್ಟು ಚೆಂದ! ಖುಷಿಯಿಂದ ಅರ್ಧ ಪುಟ ಚಿತ್ರ ಬರೆದೆ. ಆಮೇಲೆ ಸುಮ್ನೆ ಪೆನ್ಸಿಲ್ ತುದಿಯಿಂದ ಗಾಜನ್ನು ಮೆಲ್ಲಗೆ ಒತ್ತಿದೆ. ನನ್ನ "ಜೀವಕೋಶ"ಗಳೆಲ್ಲ ಜಾರಿಕೊಂಡು ಹೋದವು. ಅಷ್ಟೂ ಗಾಳಿಗುಳ್ಳೆ.

ತಪ್ಪು ಇದ್ದದ್ದು ಕವರ್ ಸ್ಲಿಪ್ ಇಟ್ಟ ರೀತಿಯಲ್ಲಿ. ಅದನ್ನು ಚಪ್ಪಟೆಯಾಗಿ ಪಟ್ಟನೆ ಬೀಳಿಸಬಾರದು. ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನವಾಗಿ ಇಳಿಸಬೇಕು. ಆಗ ಗಾಳಿ ಪಕ್ಕದಿಂದ ಆಚೆ ಹೋಗುತ್ತದೆ.

ಎರಡನೇ ಸಲ ಇಟ್ಟಿಗೆ ಗೋಡೆಯಂಥದ್ದು ಕಂಡಿತು. ಸಾಲು ಸಾಲು ಉದ್ದನೆಯ ಮನೆಗಳು, ಒಳಗೆ ಏನೂ ಇಲ್ಲ. 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ನೋಡಿ "ಸೆಲ್" ಎಂದು ಹೆಸರಿಟ್ಟದ್ದೂ ಇಂಥ ಖಾಲಿ ಮನೆಗಳನ್ನೇ. ಅವನ ಬೆಂಡಿನಲ್ಲಿದ್ದದ್ದು ಸತ್ತ ಕೋಶಗಳು, ಬರೀ ಗೋಡೆ. ನನ್ನವು ಖಾಲಿ ಇರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೆ. ಒಂದು ಹನಿ ಅಯೋಡಿನ್ ಹಾಕಿ ಕಾದೆ. ಪ್ರತಿ ಮನೆಯಲ್ಲೂ ಕಂದು ಬಣ್ಣದ ಚುಕ್ಕೆಯೊಂದು ಮೂಡಿತು. ಅದೇ ಕೋಶಕೇಂದ್ರ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದಕ್ಕೆ ಹೆಸರು ಕೊಟ್ಟದ್ದು ಆರ್ಕಿಡ್ ಗಿಡದ ಕೋಶಗಳನ್ನು ನೋಡುತ್ತಾ. ನಾನೋ ಕೇಂದ್ರ ಅಂದರೆ ನಟ್ಟನಡುವೆ ಇರುತ್ತದೆ ಅಂದುಕೊಂಡಿದ್ದೆ. ಈರುಳ್ಳಿಯಲ್ಲಿ ಹೆಚ್ಚಿನವು ಗೋಡೆಗೆ ಒತ್ತಿಕೊಂಡು ಕೂತಿದ್ದವು. ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ, ಹಿಡಿದಿರುತ್ತದೆ, ಕೋಶಕೇಂದ್ರಕ್ಕೆ ಮೂಲೆಯೇ ಗತಿ.

ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಫೋಕಸ್ ತಿರುಪಿನಲ್ಲಿ. 40 ಪಟ್ಟಿನ ಮಸೂರ ಹಾಕಿ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಒಂದು ಕೋಶಕೇಂದ್ರ ಸ್ಪಷ್ಟವಾಯ್ತು, ಪಕ್ಕದ ಮನೆಯದು ಮಸುಕಾಯ್ತು. ಇನ್ನೊಂದು ಚೂರು ತಿರುಗಿಸಿದರೆ ಅದು ಸ್ಪಷ್ಟ, ಇದು ಮಸುಕು. ಅಂದರೆ ಒಂದು ಮೇಲಿದೆ, ಒಂದು ಕೆಳಗಿದೆ. ಒಳಗೆ ಆಳ ಇದೆ! ತಟ್ಟೆಯೂ ಅಲ್ಲ, ಚೆಂಡೂ ಅಲ್ಲ, ಪೆಟ್ಟಿಗೆ. ಕನಿಷ್ಠ ಈರುಳ್ಳಿಯಲ್ಲಿ. ಆ ದಿನದಿಂದ ಮಕ್ಕಳಿಗೆ ಮೊದಲು ತಿರುಪು ತಿರುಗಿಸೋಕೆ ಕೊಡುತ್ತೇನೆ, ಚಿತ್ರ ಆಮೇಲೆ.

ಇನ್ನೊಬ್ಬ ಕೇಳಿದ: "ಸಸ್ಯಕೋಶ ಅಂದ್ರೆ ಕ್ಲೋರೋಪ್ಲಾಸ್ಟ್ ಇರ್ಬೇಕು ಅಲ್ವಾ, ಎಲ್ಲಿ?" ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಭಾಗ ಅದು. ಇಲ್ಲಿ ಇಲ್ಲ. ಈರುಳ್ಳಿ ಗಡ್ಡೆಯ ಒಳಪದರಕ್ಕೆ ಬೆಳಕೇ ತಾಗುವುದಿಲ್ಲ, ಅದರ ಕೆಲಸ ಆಹಾರ ಕೂಡಿಡುವುದು. ಪಾಠದ ಚಿತ್ರ ಎಲ್ಲ ಭಾಗಗಳನ್ನೂ ಒಂದೇ ಕೋಶಕ್ಕೆ ತುಂಬಿ ತೋರಿಸುತ್ತದೆ. ಹಾಗಿರುವ ಕೋಶ ಅಪರೂಪ.

ಅಳತೆ ಕೂಡ ಒಂದು ಸಂಜೆಯಲ್ಲಿ ಆಯ್ತು. 4 ಪಟ್ಟಿನ ಮಸೂರದ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟರೆ ಬೆಳಕಿನ ವೃತ್ತ ಸುಮಾರು 4.5 ಮಿಲಿಮೀಟರ್ ಅಗಲ ಇತ್ತು. ಪಟ್ಟು ಹೆಚ್ಚಿದಷ್ಟೂ ವೃತ್ತ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ: 10ರಲ್ಲಿ 1.8, 40ರಲ್ಲಿ 0.45. 10ರಲ್ಲಿ ಉದ್ದಕ್ಕೆ ಆರು ಈರುಳ್ಳಿ ಕೋಶ ಹಿಡಿಸಿದರೆ ಒಂದರ ಉದ್ದ 0.3 ಮಿಲಿಮೀಟರ್ ಆಯ್ತು. ಇಷ್ಟೇ ಗಣಿತ.

ಆಮೇಲೆ ನನ್ನದೇ ಕೋಶ. ಬಾಯಿ ತೊಳೆದುಕೊಂಡು, ಕೆನ್ನೆಯ ಒಳಭಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಮೃದುವಾಗಿ ಸವರಿ ಗಾಜಿಗೆ ಹಚ್ಚಿದೆ. ಒಣಗಿದ ಮೇಲೆ ಒಂದು ಹನಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಹರಿದು ಎಸೆದ ಕಾಗದದ ಚೂರುಗಳ ಹಾಗೆ ಕಂಡವು. ಕೆಲವದರ ಮೂಲೆ ಮಡಚಿಕೊಂಡಿತ್ತು. ಪೆಟ್ಟಿಗೆಯ ಮೂಲೆ ಮಡಚುವುದಿಲ್ಲ, ಇವು ನಿಜಕ್ಕೂ ತಟ್ಟೆ. ಕೋಶಭಿತ್ತಿ ಇಲ್ಲ, ತೆಳು ಪೊರೆ ಮಾತ್ರ. ಅಗಿಯುವಾಗ ದಿನವಿಡೀ ಉಜ್ಜಿಸಿಕೊಳ್ಳುವ ಜಾಗ ಅದು. ಅದಕ್ಕೇ ಇವು ಪದರ ಪದರವಾಗಿ ಒಂದರ ಮೇಲೊಂದು ಇರುತ್ತವೆ. ಮೇಲಿನದು ಉದುರುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ.

ಇಲ್ಲೊಂದು ದೊಡ್ಡ ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಕೋಶಗಳ ಮೇಲೆ ಚಿಕ್ಕ ಚಿಕ್ಕ ಕಡುನೀಲಿ ಚುಕ್ಕೆಗಳಿದ್ದವು. "ನೋಡಿ ಮಕ್ಕಳೇ, ಮೈಟೋಕಾಂಡ್ರಿಯ, ಕೋಶಕ್ಕೆ ಶಕ್ತಿ ಕೊಡುವ ಭಾಗ" ಅಂದೆ. ಎಲ್ಲರೂ ಬರೆದುಕೊಂಡರು. ಎರಡು ದಿನ ಬಿಟ್ಟು ಅದೇ ಗಾಜನ್ನು ಮತ್ತೆ ನೋಡಿದೆ. ಚುಕ್ಕೆಗಳು ಕೋಶದ ಆಚೆಯೂ ಇವೆ! ಕೆಲವು ಜೋಡಿಯಾಗಿ, ಕೆಲವು ಮಣಿಸರದ ಹಾಗೆ. ಮೈಟೋಕಾಂಡ್ರಿಯ ಹೀಗೆ ಹೊರಗೆ ಸುತ್ತಾಡುವುದಿಲ್ಲ. ಅವು ಬಾಯಿಯ ಬ್ಯಾಕ್ಟೀರಿಯಾ. ಮೆಥಿಲೀನ್ ಬ್ಲೂ ಅವಕ್ಕೂ ಚೆನ್ನಾಗಿ ಹಿಡಿಯುತ್ತದೆ. ಮರುದಿನ ಎಲ್ಲರ ಕೈಲೂ ಅದನ್ನು ಹೊಡೆದು ಹಾಕಿಸಿದೆ. ಕೆಲವರು ಬಾಯಿ ತೊಳೆಯೋಕೆ ಓಡಿದರು.

ರಕ್ತದ್ದು ತಯಾರಾದ ಸ್ಲೈಡನ್ನೇ ತರಿಸಿದೆ. ಮಕ್ಕಳ ಬೆರಳು ಚುಚ್ಚುವ ಕೆಲಸಕ್ಕೆ ನಾನು ಹೋಗುವುದಿಲ್ಲ. ಮನುಷ್ಯರ ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೋಮೀಟರ್). ಕೆನ್ನೆಯ ಒಂದು ಕೋಶದ ಅಡ್ಡಕ್ಕೆ ಎಂಟು ರಕ್ತಕಣ ಸಾಲಾಗಿ ಕೂರಬಹುದು. ಅದರಲ್ಲಿ ಕೋಶಕೇಂದ್ರವೂ ಇಲ್ಲ. ಬೆಳೆಯುವಾಗಲೇ ಅದನ್ನು ಹೊರಹಾಕಿ, ಇದ್ದ ಜಾಗವನ್ನೆಲ್ಲ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಬಿಟ್ಟುಕೊಟ್ಟಿರುತ್ತದೆ. ಹಾಗಾಗಿ ಹೊಸ ಪ್ರೋಟೀನ್ ಮಾಡಿಕೊಂಡು ರಿಪೇರಿಯಾಗುವ ಹಾಗಿಲ್ಲ. ಆಯಸ್ಸು ಸುಮಾರು 120 ದಿನ.

ಅಂಗಾಂಶದ, ಅಂದರೆ ಒಂದೇ ಬಗೆಯ ಕೆಲಸಕ್ಕೆ ಕೂಡಿದ ಕೋಶಗಳ ಗುಂಪಿನ, ಪಾಠ ನನಗೆ ಮೊದಲಿನಿಂದಲೂ ಬೇಜಾರು. ಅನುಲೇಪಕ, ಸಂಯೋಜಕ, ಸ್ನಾಯು, ನರ. ನಾಲ್ಕು ಹೆಸರು, ನಾಲ್ಕು ವ್ಯಾಖ್ಯಾನ. ಈ ಸಲ ಉಗುರು ಸಮೇತ ಇರುವ ಒಂದು ಕೋಳಿ ಕಾಲು ತಂದೆ. ಕೈಗವಸು ಹಾಕಿಕೊಂಡು ಎಲ್ಲರೂ ಸುತ್ತ ನಿಂತೆವು. ಕತ್ತರಿಸಿದ ತುದಿಯಲ್ಲಿ ಬಿಳಿ ಹುರಿಗಳು ಇಣುಕುತ್ತಿದ್ದವು. ಹಿಂಬದಿಯ ಒಂದನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಬೆರಳು ಮಡಚಿತು! ಒಬ್ಬ ಕಿರುಚಿಯೇ ಬಿಟ್ಟ. ಮುಂಬದಿಯದನ್ನು ಎಳೆದರೆ ಬೆರಳು ಚಾಚಿತು.

ಆ ಹುರಿಯೇ ಸ್ನಾಯುರಜ್ಜು, ಸಂಯೋಜಕ ಅಂಗಾಂಶ. ಅದನ್ನು ಅಡ್ಡಕ್ಕೆ ಹರಿಯಲು ನೋಡಿದೆವು, ಆಗಲಿಲ್ಲ. ಉದ್ದಕ್ಕೆ ಸೂಜಿ ಹಾಕಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರುಗಳೆಲ್ಲ ಎಳೆತದ ದಿಕ್ಕಿಗೇ ಮಲಗಿರುತ್ತವೆ. ಎಲುಬಿನ ತುದಿಯಲ್ಲಿ ನುಣ್ಣಗೆ ಹೊಳೆಯುತ್ತಿದ್ದದ್ದು ಮೃದ್ವಸ್ಥಿ. ಅದರಲ್ಲಿ ರಕ್ತನಾಳವಿಲ್ಲ, ಅದಕ್ಕೇ ಪೆಟ್ಟಾದರೆ ಬೇಗ ಮಾಯುವುದಿಲ್ಲ. ಎಲುಬು, ರಜ್ಜು, ಮೃದ್ವಸ್ಥಿ, ರಕ್ತ ಎಲ್ಲವೂ ಸಂಯೋಜಕ ಅಂಗಾಂಶ ಅಂದಾಗ ಮಕ್ಕಳು ನಂಬಲಿಲ್ಲ. ರಕ್ತವನ್ನು ಒಪ್ಪಿಕೊಳ್ಳೋಕೆ ನನಗೂ ತಡವಾಗಿತ್ತು. ಕೋಶಗಳು ಬಿಡಿಬಿಡಿಯಾಗಿ ಹರಡಿರುವುದು, ನಡುವೆ ಬೇರೆ ವಸ್ತು ತುಂಬಿರುವುದು ಇವೆಲ್ಲದರ ಹೋಲಿಕೆ. ಎಲುಬಿನಲ್ಲಿ ಆ ವಸ್ತು ಗಟ್ಟಿ, ರಕ್ತದಲ್ಲಿ ದ್ರವ.

"ಬೆರಳು ಮಡಚೋ ಸ್ನಾಯು ಎಲ್ಲಿ ಮಿಸ್?" ಮತ್ತೆ ಅದೇ ಹುಡುಗಿ. ಅದು ಕತ್ತರಿಸಿದ ಜಾಗದಿಂದ ಮೇಲೆ ಉಳಿದುಹೋಗಿತ್ತು. ಬೆರಳಿನೊಳಗೆ ಹುರಿ ಮಾತ್ರ. ನಮ್ಮ ಕೈಯೂ ಹಾಗೇ. ಮೊಣಕೈ ಕೆಳಗೆ ಹಿಡಿದುಕೊಂಡು ಬೆರಳು ಮಡಚಿ ಬಿಚ್ಚಿ ನೋಡಿ, ಮಾಂಸ ಅಲ್ಲಿ ಅಲುಗುತ್ತದೆ. ಐದು ನಿಮಿಷ ಎಲ್ಲರೂ ತಮ್ಮ ತಮ್ಮ ಕೈ ಹಿಸುಕಿಕೊಳ್ಳುತ್ತಾ ಕೂತರು.

"ಇಲ್ಲಿ ನೀವು ಎಳೆದ್ರಿ. ಅಲ್ಲಿ ಎಳೆಯೋಕೆ ಯಾರು ಹೇಳ್ತಾರೆ?" ಅಂದಳು. ನರ ಅಂದೆ. ಆದರೆ ಬರೀ ಹೆಸರು ಕೊಟ್ಟು ಸುಮ್ಮನಾಗೋಕೆ ಈ ಸಲ ಮನಸ್ಸು ಬರಲಿಲ್ಲ. ಎಲ್ಲರನ್ನೂ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ.

ಕೂತಾಗ ನಾಡಿ ಎಣಿಸಿದೆವು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು. ಅವಳದು 76. ಓಡಿ ಹತ್ತಿ ಇಳಿದ ಮೇಲೆ 124. ಯಾವ ಅಂಗವ್ಯೂಹ, ಅಂದರೆ ಒಟ್ಟಾಗಿ ಕೆಲಸ ಮಾಡುವ ಅಂಗಗಳ ಗುಂಪು, ಕೆಲಸ ಮಾಡಿತು ಅಂತ ಕೇಳಿದೆ. ಒಬ್ಬ ಹೃದಯ ಅಂದ, ಇನ್ನೊಬ್ಬ ಏದುಸಿರು ಬಿಡುತ್ತಾ ಶ್ವಾಸಕೋಶ ತೋರಿಸಿದ. ಕಾಲಿನ ಸ್ನಾಯುಗಳಿಗೆ ಜಾಸ್ತಿ ಆಮ್ಲಜನಕ ಬೇಕು, ಹುಟ್ಟಿದ ಇಂಗಾಲದ ಡೈಆಕ್ಸೈಡ್ ಆಚೆ ಹೋಗಬೇಕು, ಬಿಸಿ ಚರ್ಮದಿಂದ ಹೊರಬೀಳಬೇಕು. ಒಂದನ್ನೇ ಬಿಡಿಸಿ ಹೇಳೋಕೆ ಯಾರಿಗೂ ಆಗಲಿಲ್ಲ.

ನರದ ಕೆಲಸ ನಾನು ನಿರೀಕ್ಷಿಸದ ಜಾಗದಲ್ಲಿ ಕಂಡಿತು. ಸುಧಾರಿಸಿಕೊಂಡು ನಾಡಿ 76ಕ್ಕೆ ಇಳಿದ ಮೇಲೆ, ಎರಡನೇ ಸಲ ಓಡುವ ಮುಂಚೆ ಮೊದಲ ಮೆಟ್ಟಿಲ ಹತ್ತಿರ ನಿಲ್ಲಿಸಿ "ಒಂದು, ಎರಡು" ಎನ್ನುವ ಹೊತ್ತಿಗೆ ಅವಳೇ ತನ್ನ ನಾಡಿ ಹಿಡಿದಿದ್ದಳು. 15 ಸೆಕೆಂಡಿಗೆ 22 ಬಡಿತ. ಅಂದರೆ 88. ಕಾಲು ಇನ್ನೂ ನೆಲದ ಮೇಲೇ ಇತ್ತು.