ಗೆದ್ದಲಿನ ಕರುಳನ್ನು ಸ್ಲೈಡ್ ಮೇಲೆ ನೋಡುವುದು: ನನ್ನ ಅನುಭವ

ಗೆದ್ದಲಿನ ಹೊಟ್ಟೆಯೊಳಗಿನ ಜೀವಿಗಳನ್ನು ನೋಡೋಣ ಅಂದ ಕೂಡಲೇ ನಮ್ಮ ಲ್ಯಾಬಿನ ಹುಡುಗರು ಹುತ್ತ ಅಗೆಯಲು ಹೊರಡುತ್ತಾರೆ. ನಾನು ಬೇಡ ಅನ್ನುತ್ತೇನೆ. ತೋಟದ ಬದಿಯಲ್ಲಿ ಸಿಗುವ ಹುತ್ತಗಳು ಹೆಚ್ಚಾಗಿ ಒಡಾಂಟೊಟರ್ಮಿಸ್ ಗೆದ್ದಲಿನವು. ಇವು ಗೂಡಿನೊಳಗೆ ಅಣಬೆ ಬೆಳೆಸಿ, ಮರ ಜೀರ್ಣಿಸುವ ಕಷ್ಟದ ಕೆಲಸವನ್ನು ಬಹುಪಾಲು ಅದಕ್ಕೇ ಬಿಟ್ಟಿವೆ (ಮಳೆ ಹಿಡಿದ ಮೇಲೆ ಹುತ್ತದ ಮೇಲೆ ಏಳುವ, ನಾವು ಪಲ್ಯ ಮಾಡಿ ತಿನ್ನುವ ಅಣಬೆ ಅದೇ). ಕರುಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ಆದರೆ ಮರ ನುಂಗುವ ದೊಡ್ಡ ಪ್ರೊಟೊಜೋವಾ (ಒಂದೇ ಕೋಶದ ಜೀವಿಗಳು) ಇರುವುದಿಲ್ಲ.

ನನಗೆ ಬೇಕಾದದ್ದು ಅಂಥ ಪ್ರೊಟೊಜೋವಾ ಇರುವ ಕಾಪ್ಟೊಟರ್ಮಿಸ್ ಎಂಬ ಗೆದ್ದಲು. ನೆಲಕ್ಕೆ ತಾಗಿ ಬಿದ್ದು ಅರ್ಧ ಕೊಳೆತ ಮಾವಿನ ದಿಮ್ಮಿ ಅದಕ್ಕೆ ಒಳ್ಳೆ ಜಾಗ. ಒಡೆದು, ಸೈನಿಕ ಗೆದ್ದಲನ್ನು ಕಡ್ಡಿಯಿಂದ ಕೆಣಕುತ್ತೇನೆ. ಹಣೆಯ ತೂತಿನಿಂದ ಹಾಲಿನಂಥ ಬಿಳಿ ಹನಿ ಬಂದರೆ ಅದೇ. ಆಮೇಲೆ ಹೊಟ್ಟೆ ಕಪ್ಪಗೆ ಕಾಣುವ ಕೆಲಸಗಾರ ಗೆದ್ದಲನ್ನೇ ಆರಿಸುತ್ತೇನೆ. ಪೂರ್ತಿ ಬೆಳ್ಳಗಿದ್ದರೆ ಅದು ಪೊರೆ ಬಿಡುವ ಹಂತದ್ದಿರಬಹುದು. ಪೊರೆ ಬಿಡುವಾಗ ಕರುಳಿನ ಪ್ರೊಟೊಜೋವಾ ಕೂಡ ಹೋಗುತ್ತವೆ, ಮತ್ತೆ ಗೂಡಿನವರ ಗುದದಿಂದ ಬರುವ ದ್ರವ ಕುಡಿದೇ ತುಂಬಿಕೊಳ್ಳಬೇಕು. ಕೇಳಿದರೆ ಅಸಹ್ಯ, ಅಲ್ವಾ? ಆ ದ್ರವ ಸಿಗದಿದ್ದರೆ ಗೆದ್ದಲು ಉಪವಾಸ.

ಸ್ಲೈಡ್ ಮೇಲೆ 0.6% ಉಪ್ಪುನೀರಿನ ಹನಿ ಇರಲಿ. ಬರೀ ನೀರಲ್ಲಿ ಜೀವಿಗಳು ಊದಿ ಒಡೆಯುತ್ತವೆ. ಒಂದು ಚಿಮುಟದಲ್ಲಿ ತಲೆ ಹಿಡಿದು, ಇನ್ನೊಂದರಲ್ಲಿ ಹೊಟ್ಟೆಯ ತುದಿಯನ್ನು ಮೆಲ್ಲಗೆ ಎಳೆದರೆ ಕರುಳು ಜಾರಿ ಬರುತ್ತದೆ. ಹಿಂಭಾಗದ ಉಬ್ಬಿದ ಚೀಲವನ್ನು ಹನಿಯಲ್ಲಿ ಚುಚ್ಚಿ, ತಕ್ಷಣ ಕವರ್‌ಸ್ಲಿಪ್ ಮುಚ್ಚಿ, ಅಂಚಿಗೆ ವ್ಯಾಸಲಿನ್ ಹಚ್ಚುತ್ತೇನೆ. ಆ ಚೀಲದ ನಡುಭಾಗದಲ್ಲಿ ಆಮ್ಲಜನಕ ಇಲ್ಲ, ಗಾಳಿ ತಾಗಿದರೆ ದೊಡ್ಡ ಜೀವಿಗಳು ಸಾಯುತ್ತವೆ. ಇಲ್ಲಿ ನಿಧಾನ ಮಾಡಿದರೆ ಕೆಲಸ ಕೆಟ್ಟಿತು.

ಮೈಕ್ರೋಸ್ಕೋಪಿನ 10ರ ಲೆನ್ಸ್ ಸಾಕು. ಮೈತುಂಬ ಕಶಾಂಗಗಳಿರುವ (ಈಜಲು ಬಳಸುವ ಚಾಟಿಯಂಥ ಎಳೆಗಳು), ಉದ್ದನೆಯ ಸೂಡೊಟ್ರೈಕೊನಿಂಫಾ ಎಂಬ ಪ್ರೊಟೊಜೋವಾ ಮೊದಲು ಕಣ್ಣಿಗೆ ಬೀಳುತ್ತದೆ. ಅದರ ಒಳಗೆ ಮರದ ಚೂರುಗಳು ಕಾಣುತ್ತವೆ! ಮರದ ಮುಖ್ಯ ನಾರಾದ ಸೆಲ್ಯುಲೋಸ್ ಒಡೆಯುವ ಕಿಣ್ವ ಗೆದ್ದಲಿಗೆ ಸ್ವಂತದ್ದೂ ಇದೆ, 1998ರಲ್ಲಿ ಅದರ ಜೀನ್ ಕೂಡ ಸಿಕ್ಕಿತು. ಆದರೆ ಅದೊಂದೇ ಸಾಲದು. 1920ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ ಬಿಸಿ ಕೊಟ್ಟೋ ಆಮ್ಲಜನಕ ಕೊಟ್ಟೋ ಪ್ರೊಟೊಜೋವಾವನ್ನು ಮಾತ್ರ ಕೊಂದರು. ಗೆದ್ದಲು ಮರ ತಿನ್ನುತ್ತಲೇ ಹಸಿವಿನಿಂದ ಸತ್ತವು. ಪ್ರೊಟೊಜೋವಾ ವಾಪಸ್ ಕೊಟ್ಟವು ಬದುಕಿದವು.

ಪ್ರೊಟೊಜೋವಾ ಮರವನ್ನು ಹುದುಗಿಸಿದಾಗ ಅಸಿಟೇಟ್ (ವಿನಿಗರ್‌ನ ಹುಳಿಯ ರೂಪ), ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬರುತ್ತವೆ. ಗೆದ್ದಲಿನ ಮುಖ್ಯ ಇಂಧನ ಈ ಅಸಿಟೇಟ್. ಆ ಗ್ಯಾಸುಗಳೂ ಪೂರ್ತಿ ದಂಡವಾಗುವುದಿಲ್ಲ, ಬ್ಯಾಕ್ಟೀರಿಯಾ ಅವನ್ನೂ ಸೇರಿಸಿ ಇನ್ನಷ್ಟು ಅಸಿಟೇಟ್ ಮಾಡುತ್ತವೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಮಾತ್ರ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಇನ್ನು ಮರದಲ್ಲಿ ನೈಟ್ರೋಜನ್ ತೀರಾ ಕಡಿಮೆ. ಅದಕ್ಕೂ ದಾರಿ ಇದೆ: ಸೂಡೊಟ್ರೈಕೊನಿಂಫಾದ ಕೋಶದೊಳಗೇ ಬ್ಯಾಕ್ಟೀರಿಯಾ ವಾಸವಿದ್ದು ಗಾಳಿಯ ನೈಟ್ರೋಜನ್ ಹಿಡಿಯುತ್ತವೆ ಎಂದು 2008ರಲ್ಲಿ ಜಪಾನಿನ ವಿಜ್ಞಾನಿಗಳು ಜೀನೋಮ್ ಓದಿ ತೋರಿಸಿದರು. ಗೆದ್ದಲಿನೊಳಗೆ ಪ್ರೊಟೊಜೋವಾ, ಅದರೊಳಗೆ ಬ್ಯಾಕ್ಟೀರಿಯಾ. ಇದನ್ನು ಹೇಳಿದಾಗ ಮಾತ್ರ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ.

ಚಿತ್ರ ಬರೆಯುವವರು ದೊಡ್ಡವುಗಳಿಂದಲೇ ಶುರು ಮಾಡಿ. ಅವು ಬೇಗ ನಿಂತುಬಿಡುತ್ತವೆ. ಸ್ಪೈರೋಕೀಟ್ ಎಂಬ ಸುರುಳಿಯಾಕಾರದ ಸಣ್ಣ ಬ್ಯಾಕ್ಟೀರಿಯಾ ಆಮೇಲೂ ಓಡಾಡುತ್ತಿದ್ದರೆ 40ರ ಲೆನ್ಸ್ ಹಾಕಿ, ಬೆಳಕು ಕಡಿಮೆ ಮಾಡಿ ನೋಡಿ.